ಕಾರಿನ ಹೊದಿಕೆ

ಆಸ್ಪತ್ರೆಯಿಂದ ಬಂದ ಬಾಣಂತಿ ಗಂಗಾಲಕ್ಷ್ಮಿಯನ್ನೂ ಅವಳ ಎಂಟು ದಿನದ ಕೂಸನ್ನೂ ಹಟ್ಟಿಯ ಬೇಲಿಯಾಚೆ ತೆಂಗಿನ ಗರಿಯ ಗುಡಿಸಲಿನಲ್ಲಿ ಬಿಟ್ಟರು. ಬಿಟ್ಟು ಬಂದವನು ಅವಳ ತಂದೆ ಅಂಜನಪ್ಪ.

ಎರಡು ತಿಂಗಳು ಅವಳು ಅಲ್ಲೇ ಇರಬೇಕು. ಬಾಣಂತಿಯ ಮೈಲಿಗೆ ಒಳಗೆ ಬಂದರೆ ದೇವರು ಮುನಿಯುತ್ತದೆ ಎಂಬುದು ಬರಗೂರು ಹತ್ತಿರದ ಆ ಹಟ್ಟಿಯ ಕಟ್ಟಳೆ. ಹೆತ್ತಾಗ ಅಂಜನಪ್ಪನ ತಾಯಿಯೂ ಅಲ್ಲೇ ಇದ್ದಳು, ಹೆಂಡತಿ ಗಿರಿಯಮ್ಮನೂ ಅಲ್ಲೇ ಇದ್ದಳು. ಮಗಳ ಸರದಿ ಬಂದಾಗ ಅವನು ಗುಡಿಸಲಿಗೆ ನಾಲ್ಕು ಹೊಸ ಗರಿ ಹೊದಿಸಿದ, ಒಂದು ಮಂಚ ಹಾಕಿಕೊಟ್ಟ. ತಾನು ಮಾಡಬೇಕಾದದ್ದು ಮುಗಿಯಿತು ಅಂದುಕೊಂಡ.

ಅದೇ ವಾರ ಕೊರಟಗೆರೆಯ ಪ್ರಭುದೇವ್ ಲಾರಿಯ ಮೇಲೆ ಹೇರಿಸಿಕೊಂಡು ಅಂಜನಪ್ಪನ ಗಾಡಿ ರಿಪೇರಿ ಷೆಡ್ಡಿಗೆ ಒಂದು ಕಾರು ತಂದ. ಐವತ್ತು ವರ್ಷ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಉದ್ದ ಮೂತಿ, ತಲೆಯ ಮೇಲೆ ಬಟ್ಟೆಯ ಮಾಡು. ಹುಡುಗನಾಗಿದ್ದಾಗ ಇಂಥದ್ದೊಂದು ಮಧುಗಿರಿ ಬೆಟ್ಟದ ಬುಡದಲ್ಲಿ ನಿಂತಿದ್ದನ್ನು ಕಂಡಿದ್ದನಂತೆ, ಅಂದಿನಿಂದ ಅದೇ ಹುಚ್ಚು. ಔಷಧಿ ಅಂಗಡಿ ಇಟ್ಟು ವರ್ಷಗಟ್ಟಲೆ ಕೂಡಿಟ್ಟು ಕೊನೆಗೂ ಕೊಂಡ. ಮಾರಿದವನು ಸುಮ್ಮನೆ ತೊಳೆದು ಓಡಿಸಿ ಅಂದಿದ್ದ. ಆಮೇಲೆ ಒಬ್ಬ ಮೆಕ್ಯಾನಿಕ್ಕು ಅಸಲಿ ಕಾರ್ಬುರೇಟರ್ ಕಳಚಿಕೊಂಡು ನಕಲಿ ಕೂರಿಸಿ ಕಳಿಸಿದ. ಇನ್ನೊಬ್ಬ ಆರು ತಿಂಗಳು ಇಟ್ಟುಕೊಂಡು ಬಾನೆಟ್ಟನ್ನೂ ಎತ್ತಲಿಲ್ಲ. ಇನ್ನು ಗುಜರಿಗೆ ಹಾಕುವುದೊಂದೇ ಅಂದುಕೊಂಡಿದ್ದಾಗ ಶಿರಾದ ಟೈರ್ ಅಂಗಡಿಯವರು ಅಂಜನಪ್ಪನ ಹೆಸರು ಹೇಳಿದ್ದರು.

ಅಂಜನಪ್ಪ ಎಂಜಿನ್ನಿನ ತಂಟೆಗೆ ಹೋಗಲಿಲ್ಲ. ಜೇಬಿನಿಂದ ಹಳೇ ಸ್ಪೀಕರಿನ ಅಯಸ್ಕಾಂತವೊಂದನ್ನು ತೆಗೆದು, ಬಣ್ಣ ಗೀಚದಿರಲೆಂದು ಚಿಂದಿಬಟ್ಟೆ ಸುತ್ತಿ, ಬಾಗಿಲ ಕೆಳಗಿನ ಪಟ್ಟಿಗೆ ಹಚ್ಚಿದ. ಅದು ಕಚ್ಚದೆ ನೆಲಕ್ಕೆ ಬಿತ್ತು.

“ಇಲ್ಲಿ ತಗಡೇ ಇಲ್ಲ ಸಾರ್. ತುಕ್ಕು ತಿಂದಿರೋ ಕಡೆ ಪುಟ್ಟಿ ಮೆತ್ತಿ ಬಣ್ಣ ಬಳ್ದವ್ರೆ. ಇಂಗೇ ಓಡ್ಸಿದ್ರೆ ಒಂದಿನ ಸೀಟಿನ ಸಮೇತ ರಸ್ತೆ ಮ್ಯಾಲೆ ಕೂತ್ಕತೀರ.”

ಪ್ರಭುದೇವನ ಮುಖ ಇಳಿದುಹೋಯಿತು. ಆದರೂ ನಕ್ಕ. “ಮೂರು ಜನ ನೋಡಿದ್ರು. ನಿಜ ಹೇಳಿದೋರು ನೀವೊಬ್ರೇ, ಅಂಜನಪ್ಪ.”

ಆ ಮಾತು ಸುಳ್ಳಲ್ಲ. ಶಿರಾದಲ್ಲಿ ಕೆಲಸ ಕಲಿಸಿದ ಉಸ್ತಾದರು ಅಂಜನಪ್ಪನಿಗೆ ಸ್ಪ್ಯಾನರ್ ಹಿಡಿಯುವುದಕ್ಕೂ ಮುಂಚೆ ಇದನ್ನೇ ಕಲಿಸಿದ್ದರು. ಗೋಣಿಚೀಲ ಹಾಸದೆ ಗಿರಾಕಿಯ ಸೀಟಿನಲ್ಲಿ ಅವನು ಕೂತವನಲ್ಲ. ಡಿಕ್ಕಿಯಲ್ಲಿರುವ ಗಿರಾಕಿಯ ಜಾಕನ್ನು ಎಷ್ಟೇ ಅಗತ್ಯ ಬಿದ್ದರೂ ಮುಟ್ಟಿದವನಲ್ಲ. ಬಿಚ್ಚಿದ ಹಳೇ ನಟ್ಟು ಬೋಲ್ಟನ್ನೂ ಕಾಗದದಲ್ಲಿ ಕಟ್ಟಿ ವಾಪಸು ಕೊಡುತ್ತಿದ್ದ. ಗಿರಿಯಮ್ಮ ಗಂಡನ ಈ ಗುಣವನ್ನು ಹೊಗಳಿಯೂ ಇದ್ದಳು, ಬೈದೂ ಇದ್ದಳು.

ಷೆಡ್ಡಿನ ತುಂಬ ಟ್ರ್ಯಾಕ್ಟರೊಂದು ಬಿಚ್ಚಿಕೊಂಡು ಬಿದ್ದಿದ್ದರಿಂದ ಕಾರು ಅಂಗಳದಲ್ಲಿ ನಿಲ್ಲಬೇಕಾಯಿತು. ಪ್ರಭುದೇವ್ ದೊಡ್ಡ ಚೀಲದಿಂದ ಅದರ ಹೊದಿಕೆ ತೆಗೆದ. ಹೊರಗೆ ನೀರು ಇಳಿಯದ ದಪ್ಪ ಬಟ್ಟೆ, ಒಳಗೆ ಮೆತ್ತನೆಯ ಅಸ್ತರು. ಇಬ್ಬರೂ ಆಚೀಚೆ ನಿಂತು ಹೊದಿಸಿದರು. ಮಾಡು ಹರಿದಿದೆ, ಒಂದು ಹನಿಯೂ ಬೀಳದ ಹಾಗೆ ನೋಡಿಕೊಳ್ಳಿ ಅಂತ ಪ್ರಭುದೇವ್ ಎರಡು ಸಲ ಹೇಳಿದ. ಅಷ್ಟರಲ್ಲಿ ಬೇಲಿಯ ಕಡೆಯಿಂದ ಕೂಸಿನ ಅಳು ಕೇಳಿಸಿತು. ಯಾರದೆಂದು ಕೇಳಿದ. ಅಂಜನಪ್ಪ ಹೇಳಿದ.

“ಈ ಚಳೀಲಾ?” ಅಂದ ಪ್ರಭುದೇವ್, ಬೇಲಿಯ ಕಡೆ ನೋಡಿದ. “ಹೋಗಲಿ ಬಿಡಿ, ನಿಮ್ಮ ಪದ್ಧತಿ.” ಶಿರಾ ಬಸ್ಸು ಬಂತು. ಹತ್ತಿ ಹೋದ.

ಮೂರನೇ ದಿನ ಸೈಕ್ಲೋನ್ ಮಳೆ ಹಿಡಿಯಿತು. ಜೋರಿಲ್ಲ, ಬಿಡುವೂ ಇಲ್ಲ; ಮೂಳೆಗೆ ಇಳಿಯುವಂಥ ಜಿಟಿಜಿಟಿ. ಸಂಜೆ ಗಿರಿಯಮ್ಮ ಮಗಳಿಗೆ ಮುದ್ದೆ ಇಟ್ಟು ಬಂದವಳು ನೆಟ್ಟಗೆ ಷೆಡ್ಡಿಗೆ ಬಂದಳು.

“ಗರಿ ಸೋರ್ತಾ ಐತೆ. ಕೂಸಿನ ಮೈಮ್ಯಾಲೆ ಹಾಕಕ್ಕೆ ಒಂದು ಒಣ ಬಟ್ಟೆ ಇಲ್ಲ. ಆ ಕಾರ್ ಮ್ಯಾಲಿಂದು ಕೊಡು, ಗುಡ್ಲಿಗೆ ಎಳೀತೀನಿ.”

“ಅದು ಗಿರಾಕೀದು ಕಣೆ. ನಂಬಿ ಕೊಟ್ಟೋಗವ್ರೆ.”

“ಮಳೆ ನಿಂತ್ಮ್ಯಾಲೆ ತಿರುಗಿ ಹಾಕ್ಬುಟ್ರಾತು.”

“ಬಾಣಂತಿ ಗುಡ್ಲಿಗೆ ಹೊದ್ಸಿದ್ದನ್ನ ಅವರ ಗಾಡಿಗೆ ಹೆಂಗೆ ಹಾಕ್ಲಿ?”

ಹಾಗಾದರೆ ಷೆಡ್ಡಿಗಾದರೂ ಕರೆದುಕೋ ಅಂದಳು. ಪೂಜೆ ಮಾಡಿದ ಸಾಮಾನಿದೆ, ಇಲ್ಲಿಂದಲೇ ಎದ್ದು ತಾನು ಮನೆಯೊಳಗೆ ಹೋಗಬೇಕು, ಹಟ್ಟಿಯವರು ಸುಮ್ಮನಿರುತ್ತಾರಾ ಅಂದ ಅಂಜನಪ್ಪ. ಅವಳು ಕಾರಿನ ಕಡೆ ಒಂದು ಸಲ ನೋಡಿದಳು. ಅದರ ಮೇಲೆ ಬಿದ್ದ ನೀರು ಮುತ್ತುಮುತ್ತಾಗಿ ಉರುಳಿ ಹೋಗುತ್ತಿತ್ತು. ಅವನು ನಾಲ್ಕು ಗೊಬ್ಬರದ ಚೀಲ ಸೇರಿಸಿ ಹೊಲಿದುಕೊಟ್ಟ.

ಎರಡು ದಿನ ಬಿಟ್ಟು ಬೆಳಿಗ್ಗೆ ಕೂಸು ಮೊಲೆ ಹಿಡಿಯಲಿಲ್ಲ. ಶಿರಾ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಆಟೋದೊಳಗೇ, ತಣ್ಣಗಾಯಿತು. ಶೀತ ಎದೆಗೆ ಇಳಿದಿತ್ತು ಅಂದರು ಡಾಕ್ಟರಮ್ಮ. ಹೆಣ್ಣು ಕೂಸು, ಇನ್ನೂ ಹೆಸರಿಟ್ಟಿರಲಿಲ್ಲ. ಹೂತು ಬಂದ ಮೇಲೆ ಗಂಗಾಲಕ್ಷ್ಮಿಯನ್ನು ಮತ್ತೆ ಅದೇ ಗುಡಿಸಲಿಗೆ ಬಿಟ್ಟರು. ಕೂಸು ಹೋದರೂ ಬಾಣಂತಿ ಬಾಣಂತಿಯೇ ಅಂದರು ಹಟ್ಟಿಯ ಹಿರಿಯರು. ಅಂಜನಪ್ಪ ತಲೆ ಬಗ್ಗಿಸಿಕೊಂಡು ಬಂದು ಷೆಡ್ಡಿನಲ್ಲಿ ಕೂತ. ಯಾವ ಗಾಡಿಯನ್ನೂ ಮುಟ್ಟಲಿಲ್ಲ.

ಐದು ದಿನವಾದ ಮೇಲೆ, ಮಳೆ ನಿಂತು ಬಿಸಿಲು ಬಂದಿದ್ದಾಗ, ಪ್ರಭುದೇವ್ ಬಂದ. ಷೆಡ್ಡಿನೊಳಗೂ ಬಾರದೆ ಮೊದಲು ಕಾರಿನ ಹತ್ತಿರ ಹೋಗಿ ಹೊದಿಕೆಯ ತುದಿ ಎತ್ತಿದ, ಒಳಗೆ ಕೈ ಹಾಕಿ ಸೀಟು ಸವರಿದ.

“ಬನ್ನಿ ಇಲ್ಲಿ, ಅಂಜನಪ್ಪ. ಅಷ್ಟು ಮಳೇಲಿ ಒಂದು ಹನಿ ಇಳಿದಿಲ್ಲ. ನೀವೇ ಮುಟ್ಟಿ ನೋಡಿ.”

ಅಂಜನಪ್ಪ ಕೈ ಹಾಕಿದ. ಒಳಗೆ ಬೆಚ್ಚಗಿತ್ತು. ಅಸ್ತರು ಎಳೇ ಕುರಿಮರಿಯ ಮೈಯ ಹಾಗಿತ್ತು. ಕೈ ಹಿಂದಕ್ಕೆ ಬರಲಿಲ್ಲ. ಹೂಳುವಾಗ ಬಾರದ ಅಳು ಆಗ ಬಂತು. ಕಾರಿಗೆ ಹಣೆ ಒತ್ತಿಕೊಂಡು, ಬಾಯಿಬಿಡದೆ, ಅವನು ಅತ್ತ.

ನಡೆದದ್ದನ್ನು ತುಂಡುತುಂಡಾಗಿ ಕೇಳಿ ತಿಳಿದ ಮೇಲೆ ಪ್ರಭುದೇವ್ ಹೊದಿಕೆಯ ತುದಿಯನ್ನು ಕೆಳಗಿಳಿಸಿದ.

“ಒಂದು ಫೋನ್ ಮಾಡಿದ್ರೆ ಬೇಡ ಅಂತಿದ್ನಾ?”

“ಕೇಳ್ಬೋದು ಅಂತಾನೇ ಹೊಳೀಲಿಲ್ಲ ಸಾರ್.”

“ನನಗೇನು ಹೊಳೀತು? ಆವತ್ತು ಅಳು ನನ್ನ ಕಿವಿಗೂ ಬಿತ್ತಲ್ಲ. ಔಷಧಿ ಮಾರೋನು ನಾನು. ಬಸ್ ಹತ್ತಿ ಹೋದೆ.” ಕಾರಿನ ಮೇಲಿದ್ದ ಹೊದಿಕೆಯನ್ನು ಅವನೇ ಎಳೆದು, ಮಡಿಸಿ, ಅಂಜನಪ್ಪನ ಕೈಗಿಟ್ಟ. “ಇನ್ನು ಇದು ನಂದಲ್ಲ.”

ಗಂಗಾಲಕ್ಷ್ಮಿ ಗುಡಿಸಲಿನ ಬಾಯಲ್ಲಿ ಕೂತಿದ್ದಳು. ಹಾಲು ತುಂಬಿ ರವಿಕೆ ನೆನೆದಿತ್ತು. ಮನೆಯವರು ಮುದ್ದೆ ಇಟ್ಟು ಹಿಂದೆ ಸರಿಯುವ ಕಲ್ಲಿನ ಹತ್ತಿರ ಅಂಜನಪ್ಪನ ಕಾಲು ತಾನಾಗಿಯೇ ನಿಂತಿತು. ಆಮೇಲೆ ಅದನ್ನು ದಾಟಿದ.

“ತಗಳವ್ವ, ಹೊದ್ಕ. ಬೆಚ್ಚಗೈತೆ.”

“ಈಗ ಯಾರಿಗಪ್ಪ?”

“ನಿಂಗೆ. ಇನ್ನೂ ದಿನ ಐತಲ್ಲ.”

“ನಾ ಇರಕ್ಕಿಲ್ಲ.”

ಅವಳು ಎದ್ದಳು. ಹೊದಿಕೆಯನ್ನು ಮುಟ್ಟಲಿಲ್ಲ. ಹೆರಿಗೆಯ ಹೊಲಿಗೆ ನೋಯುತ್ತಿದ್ದರಿಂದ ನಿಧಾನವಾಗಿ, ಬೇಲಿಯ ಕಡೆಗೆ ನಡೆದಳು. ಅವನು ಹಿಂದೆಯೇ ಹೋದ. ಹಟ್ಟಿಯ ಬಾಯಿಗೆ ಜಾಲಿಮುಳ್ಳಿನ ದೊಡ್ಡ ಕೊಂಬೆಯೊಂದನ್ನು ಎಳೆದು ಮುಚ್ಚಿದ್ದರು. ಆಚೆ ಗಿರಿಯಮ್ಮ ಬಂದು ನಿಂತಿದ್ದಳು. ಪಕ್ಕದ ಕಟ್ಟೆಯ ಮೇಲೆ ಕೂತಿದ್ದ ಹಿರಿಯ ದೊಡ್ಡಹನುಮಯ್ಯ ಕೋಲೂರಿ ಎದ್ದ. ಕೂಸನ್ನು ಹೂತ ದಿನ ಎಲ್ಲರಿಗಿಂತ ಹೆಚ್ಚು ಅತ್ತವನು ಅವನೇ.

“ಎಲ್ಲಿಗವ್ವ? ಅಂಜನಪ್ಪ, ನಿಲ್ಸು ಅವಳನ್ನ. ನಿಂಗೊಬ್ಬಂಗೇ ನೋವೇನ್ಲಾ? ನಮ್ಮವ್ವ ನನ್ನ ಇಂಗೇ ಹೊರಗಿಟ್ಕಂಡು ಸಾಕಿದ್ಲು. ನಾಳೆ ಹಟ್ಟೀಲಿ ಒಂದು ಕುರಿ ಸತ್ರೂ ಎಲ್ರೂ ನಿನ್ ಮಗಳ ಕಡೇನೇ ಬೆಟ್ಟು ಮಾಡ್ತಾರೆ ಕಣ್ಲಾ. ಅವಳ ಒಳ್ಳೇದಕ್ಕೇ ಹೇಳ್ತಿರಾದು. ಅಡ್ಡ ನಿಂತ್ಕ.”

ಬೆಟ್ಟು ಮಾಡುತ್ತಾರೆ ಅನ್ನುವುದು ಅಂಜನಪ್ಪನಿಗೂ ಗೊತ್ತಿತ್ತು. ಅವನು ಮುಂದೆ ಬಂದ. ಮಡಿಸಿದ್ದ ಹೊದಿಕೆಯನ್ನು ಬಿಚ್ಚಿ ಮುಳ್ಳಿನ ಮೇಲೆ ಹಾಕಿ, ಅದರ ಸಮೇತ ಕೊಂಬೆಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಎಳೆದ. ಬಟ್ಟೆ ಪರ್ರನೆ ಹರಿಯಿತು. ಅವನು ಅದರ ಕಡೆ ನೋಡಲಿಲ್ಲ. ಮಗಳು ಹಾಯುವಷ್ಟು ದಾರಿಯಾಗುವ ತನಕ ಎಳೆದ.

“ನಿಲ್ಲಕ್ಕಿಲ್ಲ ದೊಡ್ಡಪ್ಪ,” ಅಂದ.