ಎಲ್ಲರ ಕೈಯಲ್ಲೂ ಒಂದೇ ಪಾಸ್‌ವರ್ಡ್

ನಿಮ್ಮ ಆಫೀಸಿನಲ್ಲೂ ಹೀಗೇ ಇರಬಹುದು, ಒಮ್ಮೆ ನೋಡಿಕೊಳ್ಳಿ. ನಮ್ಮಲ್ಲಿ ಟೀ ಕೆಟಲಿನ ಮೇಲೆ, ಗೋಡೆಗೆ ಒಂದು ಚೀಟಿ ಅಂಟಿಸಿತ್ತು. ಅದರಲ್ಲಿ ಕಂಪನಿಯ ಯಜಮಾನರ ಹೆಸರಿನ ಖಾತೆ, ಅದರ ಕೆಳಗೆ ಪಾಸ್‌ವರ್ಡ್. ಕಂಪ್ಯೂಟರಿನಲ್ಲಿ ಏನು ನೋಡಬೇಕಾದರೂ ಎಲ್ಲರೂ ಅದನ್ನೇ ಒತ್ತಿ ಒಳಗೆ ಹೋಗುತ್ತಿದ್ದರು. ಕೆಲಸ ಬಿಟ್ಟು ಹೋದವರಿಗೂ ಅದು ಬಾಯಿಪಾಠವಾಗಿತ್ತು.

ನಮ್ಮದು ಲಿಫ್ಟ್ ರಿಪೇರಿ ಮಾಡುವ ಸಣ್ಣ ಕಂಪನಿ. ನಾನು ಅಲ್ಲಿ ಫೋನ್ ಎತ್ತುವವಳು. ನಮ್ಮಪ್ಪ ಮೇಸ್ತ್ರಿ, ನನ್ನ ಗಂಡ ಅವರ ಕೈಕೆಳಗೆ ಮೆಕ್ಯಾನಿಕ್. ಮನೆಯಲ್ಲೂ ಮಾವ ಅಳಿಯ, ಕೆಲಸದಲ್ಲೂ ಮಾವ ಅಳಿಯ. ನಡುವೆ ನಾನು. ನನ್ನ ತಲೆನೋವು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಂದೊಂದು ಕಟ್ಟಡದ ಲಿಫ್ಟಿಗೂ ಒಂದೊಂದು ಸುರಕ್ಷತಾ ಹಾಳೆ ಇರುತ್ತದೆ. ಯಾವ ಯಾವ ಸ್ವಿಚ್ ಆರಿಸಿ ಲಿಫ್ಟಿನ ತಳದ ಗುಂಡಿಗೆ ಇಳಿಯಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಮೊದಲು ಕಾಗದದಲ್ಲಿತ್ತು. ಈಗ ಎಲ್ಲವೂ ಆಫೀಸಿನವರೆಲ್ಲ ಹಂಚಿಕೊಳ್ಳುವ ಫೋಲ್ಡರಿನಲ್ಲಿದೆ. ಮೆಕ್ಯಾನಿಕ್ ಫೋನಿನಲ್ಲೇ ಹಾಳೆ ತೆರೆದು, ಓದಿಕೊಂಡು ಇಳಿಯುತ್ತಾನೆ.

ಈ ಫೋಲ್ಡರುಗಳನ್ನು ನೋಡಿಕೊಳ್ಳಲು ಯಜಮಾನರು ಒಬ್ಬ ಅಡ್ಮಿನ್ ಅವರನ್ನು ಕರೆತಂದರು. ಯಾರು ಏನು ಓದಬಹುದು, ಯಾರು ಏನು ತಿದ್ದಬಹುದು ಅಂತ ಗೊತ್ತುಮಾಡುವುದು ಅವರ ಕೆಲಸ. ಆಯಮ್ಮ ಬಂದ ದಿನವೇ ಗೋಡೆಯ ಚೀಟಿ ಕಿತ್ತುಹಾಕಿದರು. ಮಾರನೆಯ ದಿನ ಅಪ್ಪ ಇನ್ನೂ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದರು. ಅಂದಿನಿಂದ ಅವರಿಗೆ ಬೀಗದಕ್ಕ ಅಂತಲೇ ಹೆಸರು ಬಿತ್ತು.

“ಮೇಸ್ತ್ರಿಗಳೇ, ಒಬ್ಬೊಬ್ಬರಿಗೂ ಅವರವರ ಹೆಸರಲ್ಲೇ ಖಾತೆ ಮಾಡ್ಕೊಡ್ತೀನಿ,” ಎಂದರು ಬೀಗದಕ್ಕ. “ಹಾಳೆನ ಎಲ್ಲರೂ ಓದಲಿ. ತಿದ್ದೋದು ಮಾತ್ರ ಇಬ್ಬರೇ. ಒಬ್ಬರು ಬರೀಲಿ, ಇನ್ನೊಬ್ಬರು ನೋಡಿ ಒಪ್ಪಲಿ.”

“ಅಂದ್ರೆ ನಾನು ಬರೆದಿದ್ದನ್ನ ನಾನು ಮುಟ್ಟೋಕೆ ಇನ್ನೊಬ್ಬರ ಅಪ್ಪಣೆ ಬೇಕಾ?” ಅಪ್ಪನಿಗೆ ಕೋಪ ಮೂಗಿನ ಮೇಲೇ ಇರುತ್ತದೆ. “ಇಲ್ಲಿ ಯಾರಮ್ಮ ಕಳ್ಳರು? ಎಲ್ಲಾ ನಮ್ಮೋರೇ.”

“ಕಳ್ಳರ ಭಯಕ್ಕಲ್ಲ. ಕೈತಪ್ಪು ಅಂತ ಒಂದಿರುತ್ತಲ್ಲ.”

“ಈ ಕೈಗೆ ವಯಸ್ಸಾಗಿದೆ, ಆದ್ರೆ ತಪ್ಪಲ್ಲ ಬಿಡಿ. ಸುಮ್ನೆ ತಲೆ ತಿನ್ಬೇಡಿ.”

ಯಜಮಾನರು ಎಂದಿನಂತೆ “ನೋಡೋಣ, ನೋಡೋಣ” ಅಂದು ಜಾರಿಕೊಂಡರು. ಅಕ್ಕ ಮಾತ್ರ ಸುಮ್ಮನಿರಲಿಲ್ಲ. ಸುರಕ್ಷತಾ ಹಾಳೆಗಳಲ್ಲಿ ಒಂದು ಸಾಲು ಬದಲಾದರೂ ತಮ್ಮ ಫೋನಿಗೆ ಸಂದೇಶ ಬರುವಂತೆ ಒಂದು ಸಣ್ಣ ಪ್ರೋಗ್ರಾಂ ಬರೆದಿಟ್ಟುಕೊಂಡರು. “ಇನ್ನು ನಾವು ಕೆಮ್ಮಿದ್ರೂ ಗೊತ್ತಾಗುತ್ತೆ ಬಿಡು,” ಅಂತ ಅಪ್ಪ ಆಡಿಕೊಂಡರು. ನಾನೂ ನಕ್ಕೆ.

ಒಂದು ಬೆಳಿಗ್ಗೆ ಪಕ್ಕದ ಬೀದಿಯ ಕ್ಲಿನಿಕ್ಕಿನಿಂದ ಕರೆ ಬಂತು. ಲಿಫ್ಟಿನ ಗುಂಡಿಯಲ್ಲಿ ಒಂದು ಸ್ಟಾಪ್ ಸ್ವಿಚ್ ಇರುತ್ತದೆ. ಕೆಳಗಿಳಿದವರು ಅದನ್ನು ಒತ್ತಿಟ್ಟರೆ ಲಿಫ್ಟ್ ಅಲುಗಾಡುವುದಿಲ್ಲ. ಅದೇ ಕೆಟ್ಟಿತ್ತು, ಬದಲಾಯಿಸಬೇಕಿತ್ತು. ಯಾವಾಗಲೂ ಅಲ್ಲಿಗೆ ಹೋಗುವ ಮೆಕ್ಯಾನಿಕ್ ರಜೆಯಲ್ಲಿದ್ದರಿಂದ ನನ್ನ ಗಂಡ ಹೊರಟರು. ಆ ಕಟ್ಟಡ ಇವರಿಗೆ ಹೊಸದು.

“ಮಧ್ಯಾಹ್ನ ಊಟಕ್ಕೆ ಹೊರಗೆ ಹೋಗೋಣ ಕಣೇ. ನಿಮ್ಮಪ್ಪನ ಮುಖ ನೋಡ್ಕೊಂಡು ತಿಂದ್ರೆ ಅರಗಲ್ಲ,” ಅಂತ ನನ್ನ ಕಿವಿಯಲ್ಲಿ ಹೇಳಿ ಟೂಲ್ ಬಾಕ್ಸ್ ಎತ್ತಿಕೊಂಡು ಹೋದರು.

ಅಪ್ಪ ಕಿಟಕಿಯ ಪಕ್ಕ ಕಂಪ್ಯೂಟರಿನ ಮುಂದೆ ಕೂತು ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದರು. ಹೊಸದಾಗಿ ಒಂದು ಹೋಟೆಲಿನ ಲಿಫ್ಟ್ ನಮ್ಮ ಕೈಗೆ ಬಂದಿತ್ತು. ಅದರ ಹಾಳೆ ತಯಾರಾಗಬೇಕಿತ್ತು.

ಅಷ್ಟರಲ್ಲಿ ಬೀಗದಕ್ಕ ಬಸ್ಸಿಳಿದು ಬಂದರು. ಚಪ್ಪಲಿಯನ್ನೂ ಬಿಡದೆ ನೇರ ಒಳಗೇ ಬಂದರು.

“ಕ್ಲಿನಿಕ್ಕಿನ ಹಾಳೆನ ಯಾರು ತಿದ್ದಿದ್ದು?”

ಅಪ್ಪ ಕುಟ್ಟುತ್ತಲೇ ಇದ್ದರು.

“ಬಸ್ಸಲ್ಲಿದ್ದಾಗ ಸಂದೇಶ ಬಂತು. ಯಜಮಾನರ ಹೆಸರು ತೋರಿಸ್ತಿದೆ. ಅವರಿಗೆ ಫೋನ್ ಮಾಡಿದ್ರೆ, ನಾನು ರೈಲಲ್ಲಿ ನಿದ್ದೆ ಮಾಡ್ತಿದ್ದೆ, ನಾನೇನೂ ಮುಟ್ಟಿಲ್ಲ ಅಂತಾರೆ. ಆ ಖಾತೇಲಿ ಯಾರಿದ್ದೀರ? ಬೇಗ ಹೇಳಿ.”

“ನಾನಂತೂ ಅಲ್ಲ,” ಎಂದರು ಅಪ್ಪ, ತಲೆ ಎತ್ತದೆ. “ನಾನು ಹೋಟೆಲಿನ ಹಾಳೆ ಬರೀತಿದ್ದೀನಿ.”

ಅಕ್ಕ ಅವರ ಹಿಂದೆ ಹೋಗಿ ನಿಂತರು. ಪರದೆ ನೋಡಿದರು.

“ಮೇಸ್ತ್ರಿಗಳೇ, ಇದು ಹೋಟೆಲಿನ ಹಾಳೆ ಅಲ್ಲ. ಮೇಲೆ ನೋಡಿ, ಕ್ಲಿನಿಕ್ ಅಂತಿದೆ.”

“ಅಯ್ಯೋ, ಹೆಸರು ಕೊನೇಲಿ ಬದಲಾಯಿಸ್ತೀನಮ್ಮ. ಹಾಳೆ ಪ್ರಿಂಟ್ ಹಾಕ್ತಿದ್ದ ಕಾಲದಿಂದ ನಾನು ಹಾಗೇ. ಹಳೇ ಹಾಳೆ ಇಟ್ಕೊಂಡು ಅದರ ಮೇಲೇ ಹೊಸದು ಬರೀತೀನಿ. ಈ ಹೋಟೆಲಿಗೆ ಬ್ಯಾಟರಿ ಇಲ್ಲ, ಅದಕ್ಕೆ ಮೊದಲು ಆ ಸಾಲು ಅಳಿಸಿದೆ. ಇನ್ನೂ ಸೇವ್ ಒತ್ತೇ ಇಲ್ಲ, ನೀವ್ಯಾಕೆ ಗಾಬರಿ ಆಗ್ತೀರ?”

“ಇದಕ್ಕೆ ಸೇವ್ ಒತ್ತಬೇಕಾಗಿಲ್ಲ! ನೀವು ಒಂದಕ್ಷರ ಅಳಿಸಿದ್ರೆ ಆ ಗಳಿಗೆಗೇ ಎಲ್ಲರ ಫೋನಲ್ಲೂ ಅಳಿಸಿಹೋಗುತ್ತೆ!”

ಅಪ್ಪನ ಬೆರಳು ಗಾಳಿಯಲ್ಲೇ ನಿಂತಿತು.

ಆ ಬ್ಯಾಟರಿಯ ಸಾಲು ಏನೆಂದು ಹೇಳುತ್ತೇನೆ. ಕ್ಲಿನಿಕ್ಕಿನ ಲಿಫ್ಟಿಗೆ ಒಂದು ಬ್ಯಾಟರಿ ಪೆಟ್ಟಿಗೆ ಇತ್ತು. ಕರೆಂಟು ಹೋದರೆ ಒಳಗೆ ಸಿಕ್ಕಿಕೊಂಡ ರೋಗಿಗಳು ಹೊರಬರಲಿ ಅಂತ, ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿಯೇ ಲಿಫ್ಟನ್ನು ಕೆಳಕ್ಕೆ ಇಳಿಸುತ್ತದೆ. ಮೆಕ್ಯಾನಿಕ್ ಮೇನ್ ಸ್ವಿಚ್ ಆರಿಸಿದರೂ ಅದಕ್ಕೆ ಕರೆಂಟು ಹೋದ ಹಾಗೇ ಲೆಕ್ಕ. ಅದಕ್ಕೇ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು, ಸ್ಟೋರ್ ರೂಮಿನ ಹಿಂದಿರುವ ಬ್ಯಾಟರಿ ಸ್ವಿಚ್ಚನ್ನೂ ಆರಿಸಿ ಇಳಿಯಬೇಕು ಅಂತ. ಆ ಸಾಲು ಈಗ ಇರಲಿಲ್ಲ. ಇವರು ಅದನ್ನು ಓದದೆಯೇ ಗುಂಡಿಗೆ ಇಳಿಯುವವರಿದ್ದರು.

ನಾನು ಎದ್ದು ನಿಂತೆ. “ಅಪ್ಪಾ, ಇವರು ಅಲ್ಲಿಗೇ ಹೋಗಿದ್ದಾರೆ!”

“ಇಷ್ಟೊತ್ತಿಗೆ ಮೇನ್ ಆರಿಸಿರ್ತಾನೆ,” ಎಂದರು ಅಪ್ಪ. ಅವರ ಧ್ವನಿಯೇ ಬೇರೆಯಾಗಿತ್ತು. ಕುರ್ಚಿ ಹಿಂದಕ್ಕೆ ಬಿತ್ತು. ಮೊಣಕಾಲು ನೋವು ಅಂತ ಮೆಟ್ಟಿಲಿಗೆ ಬೈಯುವ ಮನುಷ್ಯ ಕ್ಲಿನಿಕ್ಕಿನ ಕಡೆ ಓಡಿದರು.

ಅಕ್ಕ ಆ ಕಂಪ್ಯೂಟರಿನಲ್ಲಿ ಹಾಳೆಯ ಹಿಂದಿನ ಪ್ರತಿಗಳನ್ನು ತೆರೆದು, ನಿನ್ನೆಯ ಪ್ರತಿಯನ್ನು ವಾಪಸ್ ತಂದರು. ಒಂದೇ ಬಟನ್ ಒತ್ತಿದ್ದು, ಹಾಳೆ ಸರಿಯಾಯಿತು. ಆದರೆ ಹಾಳೆ ಓದಿ ಮುಗಿಸಿ ಹೋದವರಿಗೆ ಅದು ಹೇಗೆ ಗೊತ್ತಾಗಬೇಕು?

ನಾನು ಇವರಿಗೆ ಫೋನ್ ಹಚ್ಚಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಮತ್ತೆ ಹಚ್ಚಿದೆ. ಅದೇ ಹೆಂಗಸಿನ ಅದೇ ತಣ್ಣನೆಯ ದನಿ. ಗುಂಡಿಯೊಳಗೆ ಸಿಗ್ನಲ್ ಇರುವುದಿಲ್ಲ ಅಂತ ನನಗೆ ಗೊತ್ತು, ಹಾಗಾದರೆ ಇವರು ಆಗಲೇ ಕೆಳಗಿದ್ದಾರೆ. ಕ್ಲಿನಿಕ್ಕಿನ ನಂಬರಿಗೆ ಮಾಡಿದೆ.

“ನಮಸ್ಕಾರ, ಡಾಕ್ಟರನ್ನ ನೋಡಬೇಕಿತ್ತಾ? ಒಂದ್ನಿಮಿಷ ಲೈನಲ್ಲಿರಿ.” ಹಾಡು ಶುರುವಾಯಿತು.

ದಿನವಿಡೀ ಜನರನ್ನು ಲೈನಿನಲ್ಲಿ ನಿಲ್ಲಿಸುವುದೇ ನನ್ನ ಕೆಲಸ. ಆ ಹಾಡು ಕೇಳುವವರ ಕಡೆ ನಿಂತಿದ್ದು ಅವತ್ತೇ ಮೊದಲು. ಆಕೆ ಮತ್ತೆ ಬಂದು “ಹೇಳಿ” ಅನ್ನುವಷ್ಟರಲ್ಲಿ ನಾನು ಕಿರುಚಿಬಿಟ್ಟೆ.

“ಲಿಫ್ಟಿನ ಗುಂಡೀಲಿ ನನ್ನ ಗಂಡ ಇದ್ದಾರೆ! ಲಿಫ್ಟ್ ಕೆಳಗೆ ಬರುತ್ತೆ, ಮೇಲೆ ಹತ್ತು ಅನ್ನಿ! ಓಡಮ್ಮ, ನಿನ್ನ ದಮ್ಮಯ್ಯ, ಓಡು!”

ಪುಣ್ಯಾತ್ಗಿತ್ತಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ರಿಸೀವರ್ ಮೇಜಿನ ಮೇಲೆ ಬಿದ್ದ ಸದ್ದು. ಓಡುವ ಹೆಜ್ಜೆ. ದೂರದಲ್ಲಿ ಆಕೆ ಕೂಗುತ್ತಿದ್ದಳು, ಏನೆಂದು ಕೇಳಿಸುತ್ತಿರಲಿಲ್ಲ. ಯಾವುದೋ ಮಗು ಅಳುತ್ತಿತ್ತು. ಆಮೇಲೆ ಕಬ್ಬಿಣ ಮುರಿದಂಥ ಒಂದು ಶಬ್ದ. ಅದರ ಹಿಂದೆಯೇ ಜನರೆಲ್ಲ ಒಟ್ಟಿಗೆ ಚೀರಿದರು.

ಅಕ್ಕ ನನ್ನ ಭುಜ ಹಿಡಿದುಕೊಂಡಿದ್ದರು. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ನನಗೆ ತಿಳಿಯದು. ಫೋನಿನಲ್ಲಿ ಯಾರೂ ಇರಲಿಲ್ಲ, ಇಡಲು ನನಗೆ ಧೈರ್ಯವಿರಲಿಲ್ಲ.

ಕೊನೆಗೆ ಯಾರೋ ರಿಸೀವರ್ ಎತ್ತಿಕೊಂಡರು.

“ಏನಾಯ್ತು? ಹೇಳ್ರೀ, ಏನಾಯ್ತು?”

“ನಾನೇ ಕಣೇ.”

ನಾನು ಗಟ್ಟಿಯಾಗಿ ಅತ್ತುಬಿಟ್ಟೆ.

“ಅಳಬೇಡ್ವೇ, ಏನೂ ಆಗಿಲ್ಲ. ಆಯಮ್ಮ ಕೂಗಿದ ದನಿಗೆ ಎದ್ನೋ ಬಿದ್ನೋ ಅಂತ ಹತ್ಕೊಂಡೆ. ನಿಮ್ಮಪ್ಪ ಇಲ್ಲೇ ನೆಲದ ಮೇಲೆ ಕೂತಿದ್ದಾರೆ. ಎದ್ದೇಳ್ತಾನೇ ಇಲ್ಲ.”

ಅಪ್ಪ ಏಳಲಿಲ್ಲ, ಯಾಕೆಂದರೆ ಅವರು ಗುಂಡಿಯೊಳಗೆ ಬಗ್ಗಿ ನೋಡಿದ್ದರು. ಇವರು ಕೂತಿದ್ದ ಜಾಗದಲ್ಲಿ ಟೂಲ್ ಬಾಕ್ಸ್ ಲಿಫ್ಟಿನ ಅಡಿ ಸಿಕ್ಕಿ ತಟ್ಟೆಯಂತೆ ಚಪ್ಪಟೆಯಾಗಿತ್ತು.

ಮಧ್ಯಾಹ್ನ ಮಾವ ಅಳಿಯ ಒಟ್ಟಿಗೆ ಆಫೀಸಿಗೆ ಬಂದರು. ಅಪ್ಪ ಇವರ ತೋಳು ಬಿಟ್ಟಿರಲಿಲ್ಲ. ಸೀದಾ ಬೀಗದಕ್ಕನ ಮೇಜಿನ ಹತ್ತಿರ ಹೋದರು.

“ನನ್ನ ಹೆಸರಲ್ಲಿ ಒಂದು ಖಾತೆ ಮಾಡ್ಕೊಡಮ್ಮ. ಇನ್ಮೇಲೆ ನಾನು ತಪ್ಪು ಮಾಡಿದ್ರೆ ನನ್ನ ಹೆಸರೇ ಕಾಣಬೇಕು.”

“ತಪ್ಪು ಹಿಡಿಯೋಕಲ್ಲ ಮೇಸ್ತ್ರಿಗಳೇ,” ಎಂದರು ಅಕ್ಕ. “ಇವತ್ತು ನಿಮ್ಮ ಹೆಸರು ಕಂಡಿದ್ರೆ ಬಸ್ಸಿಂದಲೇ ನಿಮಗೆ ಫೋನ್ ಮಾಡ್ತಿದ್ದೆ. ಇವರು ಗುಂಡಿಗೇ ಇಳೀತಿರಲಿಲ್ಲ.”

ಅಪ್ಪ ತಲೆ ತಗ್ಗಿಸಿದರು. “ನಾನು ಬರೆದಿದ್ದನ್ನ ನೋಡಿ ಒಪ್ಪೋಕೆ ಯಾರನ್ನ ಹಾಕ್ತೀರ?”

“ನೀವೇ ಹೇಳಿ.”

“ಇವನನ್ನೇ ಹಾಕಿ. ಇಳಿಯೋನು ಇವನಲ್ವಾ.”

“ಅಬ್ಬಾ, ಮಾವ ಬರೆದಿದ್ದಕ್ಕೆ ಅಳಿಯನ ಅಪ್ಪಣೆ!” ಎಂದು ಇವರು ನಗಲು ನೋಡಿದರು. ಅಪ್ಪ ನಗಲಿಲ್ಲ. ಅಳಿಯನ ಎದೆಗೆ ಹಣೆ ಒತ್ತಿ ಅತ್ತರು. ನಮ್ಮಪ್ಪ ಅಳುವುದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಮಾರನೆಯ ದಿನ ಯಜಮಾನರು ಬಂದು “ನೋಡೋಣ” ಅನ್ನಲಿಲ್ಲ. ಸಂಜೆಯೊಳಗೆ ಎಲ್ಲರಿಗೂ ಅವರವರ ಖಾತೆ ಬಂತು. ಹಳೆಯ ಪಾಸ್‌ವರ್ಡ್ ಬದಲಾಗಿ, ಕೆಲಸ ಬಿಟ್ಟು ಹೋದವರ ದಾರಿ ಮುಚ್ಚಿತು. ಹೊಸ ಹಾಳೆ ಬೇಕೆಂದವರಿಗೆ ಖಾಲಿ ನಮೂನೆಯೇ ತೆರೆದುಕೊಳ್ಳುವಂತೆ ಅಕ್ಕ ಮಾಡಿದರು. ಹಳೆಯ ಹಾಳೆಯ ಮೇಲೆ ಈಗ ಯಾರು ಬೇಕಾದರೂ ಗೀಚಲು ಆಗುವುದಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮದು ಲಿಫ್ಟ್ ಕಂಪನಿ ಅಲ್ಲದೆ ಇರಬಹುದು. ಔಷಧಿ ಅಂಗಡಿಯಿರಲಿ, ಶಾಲೆಯಿರಲಿ, ಸಣ್ಣ ಸಂಘವಿರಲಿ, ಎಲ್ಲರೂ ತೆರೆಯುವ ಒಂದು ಫೋಲ್ಡರ್ ನಿಮ್ಮಲ್ಲೂ ಇದ್ದೇ ಇರುತ್ತದೆ. ಅದನ್ನು ಇವತ್ತೇ ತೆರೆದು, ಯಾರಿಗೆಲ್ಲ ತಿದ್ದುವ ಅಧಿಕಾರವಿದೆ ಅಂತ ನೋಡಿ. ಓದಿದರೆ ಸಾಕಾದವರಿಗೆ ಓದುವ ಅಧಿಕಾರವಷ್ಟೇ ಕೊಡಿ. ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರು ಬಳಸಬೇಡಿ, ಅದು ಯಜಮಾನರದೇ ಆದರೂ ಸರಿ. ಹೊಸದು ಬರೆಯುವ ಮುಂಚೆ ಪ್ರತಿ ಮಾಡಿಕೊಳ್ಳಿ. ಹಳೆಯ ಪ್ರತಿಯನ್ನು ವಾಪಸ್ ತರುವುದು ಹೇಗೆಂದು ಕೇಳಿ ಕಲಿಯಿರಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ನೀವು ತಿದ್ದುತ್ತಿರುವ ಹೊತ್ತಿನಲ್ಲೇ ಯಾರೋ ಅದನ್ನು ಓದುತ್ತಿರುತ್ತಾರೆ. ನಿಮ್ಮನ್ನು ನಂಬಿ ಕೆಲಸಕ್ಕೆ ಇಳಿಯುತ್ತಾರೆ. ನಾನು ಅವತ್ತು ಕೂತ ಹಾಗೆ, ಆ ಕಡೆ ಯಾರೂ ಇಲ್ಲದ ಫೋನನ್ನು ಕಿವಿಗೆ ಒತ್ತಿಕೊಂಡು ಅವರ ಮನೆಯವರು ಕೂರುವುದು ಬೇಡ.