ಪಂಚಮಿಗೆ ಕರೆಯಲು ಬಂದವಳು

ಅಣಶಿ ಘಟ್ಟದಲ್ಲಿ ಗುಡ್ಡ ಕುಸಿದು ದಾಂಡೇಲಿಯಿಂದ ಬಂದ ಬಸ್ಸು ನಿಂತುಬಿಟ್ಟಿತು. ಸಹನಾ ಚಪ್ಪಲಿ ಕೈಯಲ್ಲಿ ಹಿಡಿದು, ಉಂಡಿಯ ಡಬ್ಬಿಯನ್ನು ಎದೆಗವಚಿಕೊಂಡು ಕೆಸರು ದಾಟಿದಳು. ಆಚೆ ಬದಿಯಲ್ಲಿ ಒಂದು ಟೆಂಪೋ ಸಿಕ್ಕಿತು. ಕಾಡು ಮುಗಿಯುವುದೇ ಇಲ್ಲವೇನೋ ಅನ್ನಿಸುವಾಗ ಸಮುದ್ರ ಕಂಡಿತು. ಬೆನ್ನಿಗೆ ಬೆಟ್ಟ, ಎದುರಿಗೆ ನೀರು, ನಡುವೆ ಒಂದೇ ಬೀದಿಯ ಪೇಟೆ. ಅಕ್ಕ ರಾಜಶ್ರೀಯನ್ನು ಕೊಟ್ಟದ್ದು ಇಲ್ಲಿಗೆ.

ನಾಗರಪಂಚಮಿ ಬಂತೆಂದರೆ ಮಗಳನ್ನು ತವರಿಗೆ ಕರೆದೊಯ್ಯಲು ಅಪ್ಪ ಬರುತ್ತಿದ್ದ, ಕಾಗದದ ಕಾರ್ಖಾನೆಗೆ ರಜೆ ಹಾಕಿ. ಅಪ್ಪ ತೀರಿಕೊಂಡ ಮೇಲೆ ದಾಂಡೇಲಿಯ ಬಂಗೂರನಗರದ ಮನೆಯಲ್ಲಿ ಜೋಕಾಲಿ ಕಟ್ಟಿಲ್ಲ. ಹೋದ ವರ್ಷ ಅಕ್ಕನ ಅತ್ತೆ ಫೋನಿನಲ್ಲಿ, ಘಟ್ಟ ಬಂದ್ ಆಗಿದೆ, ಕಳಿಸಲಾಗದು ಅಂದಿದ್ದರು. ಈ ವರ್ಷವೂ ಅದನ್ನೇ ಅಂದರು.

ಜಗಲಿಯಲ್ಲಿ ತೆಂಗಿನ ಗರಿ ಸೀಳುತ್ತಿದ್ದ ಅತ್ತೆ ತಲೆಯೆತ್ತಿದರು.

"ಒಬ್ಳೇ ಬಂದ್ಯಾ? ಘಟ್ಟ ಬಂದ್ ಆಗಿದೆ ಅಂದಿದ್ನಲ್ಲ."

"ಅದಕ್ಕ ನಡಕೋತ ಬಂದೇನ್ರಿ. ಅಕ್ಕನ್ನ ಪಂಚಮಿಗೆ ಕರೆಯಾಕ."

ಅತ್ತೆ ನಕ್ಕರು. "ತಂಗಿ ಬಂದು ಕರೆಯೋದು ಎಲ್ಲಿಯ ರೂಢಿಯೇ? ಗಂಡಸ್ರು ಬರ್ಬೇಕು. ಅಣ್ಣನನ್ನೋ ತಮ್ಮನನ್ನೋ ಕಳ್ಸು, ಆಮೇಲೆ ನೋಡುವಾ."

ಸಹನಾಳ ಮನೆಯಲ್ಲಿ ಗಂಡು ಮಕ್ಕಳಿಲ್ಲವೆಂದು ಅವರಿಗೆ ಗೊತ್ತಿತ್ತು. ಸಹನಾ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಂಬಕ್ಕೊರಗಿ ಕೂತಳು. ಚಹಾ ಬಂತು, ಆರಿತು, ಕೆನೆಗಟ್ಟಿತು. ಕಡಲು ಒಂದೇ ಸಮನೆ ಗದ್ದಲ ಮಾಡುತ್ತಿತ್ತು; ಅವಳು ಮಾತ್ರ ಕಂಬ ಬಿಟ್ಟು ಏಳಲಿಲ್ಲ. ನೆರೆಮನೆಯವರು ಬೇಲಿಯಾಚೆಯಿಂದ ಇಣುಕತೊಡಗಿದರು.

"ಜನ ನೋಡ್ತಾರೆ ಮಾರಾಯ್ತಿ. ಏಳು, ಊಟ ಮಾಡು."

"ಅಕ್ಕನ್ನ ಕಳಸ್ತೇನಿ ಅನ್ರಿ, ಉಣ್ತೇನಿ."

ಅಷ್ಟರಲ್ಲಿ ಒಳಗಿನಿಂದ ರಾಜಶ್ರೀ ಬಂದಳು. ಅಪ್ಪ ಕೊನೆಯ ಪಂಚಮಿಗೆ ಕೊಡಿಸಿದ ಹಸಿರು ಸೀರೆ ಉಟ್ಟಿದ್ದಳು, ಕೈಯಲ್ಲಿ ಚೀಲ.

"ಎಲ್ಲಿಗೆ ಹೊರಟದ್ದು?" ಅತ್ತೆ ಕೇಳಿದರು.

"ಕರೆಯಾಕ ಬಂದಾರಲ್ರಿ ಅತ್ತಿ. ಹೋಗ್ತೇನಿ."

"ಹೋಗ್ತೇನೆ ಅನ್ಬಾರ್ದು, ಬರ್ತೇನೆ ಅನ್ಬೇಕು. ವಾಪಸ್ ಯಾವಾಗ ಬರ್ತೀ?"

"ಅದು ನಿಮ್ಮ ಕೈಯಾಗ ಐತ್ರಿ. ಕರೆಯಾಕ ಗಂಡಸರ ಬರಬೇಕಲ್ರಿ? ಗೋವಾದಾಗ ಕೆಲಸಕ್ಕ ಕುಂತಾರಲ್ಲ ನಿಮ್ಮ ಮಗ, ಅವರನ್ನ ಕಳಸ್ರಿ. ಘಟ್ಟ ಬಂದ್ ಆಗಿದ್ರ ನಡಕೋತ ಬರ್ಲಿ."

ಅತ್ತೆಯ ಕೈಯಲ್ಲಿದ್ದ ಗರಿ ಅರ್ಧ ಸೀಳಿ ಹಾಗೇ ಉಳಿಯಿತು. ಸಹನಾ ಡಬ್ಬಿ ತೆರೆದು, ಒಂದು ಶೇಂಗಾ ಉಂಡಿಯನ್ನು ಆ ಗರಿಯ ಪಕ್ಕದಲ್ಲಿಟ್ಟಳು. ಅಕ್ಕ ತಂಗಿ ಇಬ್ಬರೂ ಅಂಗಳದಲ್ಲಿ ಬಿಟ್ಟಿದ್ದ ಚಪ್ಪಲಿಗಳನ್ನು ಮೆಟ್ಟದೆ ಕೈಯಲ್ಲಿ ಹಿಡಿದುಕೊಂಡು ಬೆಟ್ಟದ ಕಡೆ ಹೊರಟರು.