ಏಪ್ರನ್ನಿನ ಲಾಡಿ

ಆ ಬೀದಿಯಲ್ಲಿ ಇಂಗ್ಲಿಷ್ ಮೇಷ್ಟ್ರು ಎಂದರೆ ಎಲ್ಲರಿಗೂ ಗೊತ್ತು. ಹಗಲೆಲ್ಲ ದುಡಿದು ಬರುವ ಗುಮಾಸ್ತರಿಗೂ ನರ್ಸುಗಳಿಗೂ ಸಂಜೆ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿದವರು. ಹೆಂಡತಿ ದರ್ಜಿ. ಮನೆಯ ಕೆಳಗಿನ ಅಂಗಡಿಯಲ್ಲಿ ಎರಡು ಹೊಲಿಗೆ ಯಂತ್ರ ಹಾಕಿಕೊಂಡು ಆಸ್ಪತ್ರೆಗಳಿಗೆ, ಕಾರ್ಖಾನೆಗಳಿಗೆ ಸಮವಸ್ತ್ರ ಹೊಲಿಯುತ್ತಿದ್ದರು. ಬೆಳಿಗ್ಗೆ ಎದ್ದು ದಪ್ಪ ಬಟ್ಟೆಯ ಏಪ್ರನ್ ಕಟ್ಟಿಕೊಂಡರೆ ಬಿಚ್ಚುವುದು ಮಲಗುವಾಗಲೇ. ಅದರ ಜೇಬುಗಳಲ್ಲಿ ಕತ್ತರಿ, ಸೀಮೆಸುಣ್ಣ, ಅಳತೆಯ ಟೇಪು.

ಮೇಷ್ಟ್ರಿಗೆ ಇಂಗ್ಲಿಷಿನ ನುಡಿಗಟ್ಟುಗಳೆಂದರೆ ಪ್ರಾಣ. ಅದರಲ್ಲೂ ‘ಕಟಿಂಗ್ ದ ಏಪ್ರನ್ ಸ್ಟ್ರಿಂಗ್ಸ್’ ಎಂಬುದನ್ನು ಪ್ರತಿ ವರ್ಷ ಹೊಸ ತರಗತಿಯ ಮೊದಲ ವಾರವೇ ಎತ್ತಿಕೊಳ್ಳುತ್ತಿದ್ದರು. ಅಡುಗೆಮನೆಯಲ್ಲಿ ತಾಯಿ ಓಡಾಡುತ್ತಿದ್ದಾಳೆ, ಮಗು ಅವಳ ಏಪ್ರನ್ನಿನ ಲಾಡಿ ಹಿಡಿದು ಹಿಂದೆ ಹಿಂದೆ ಸುತ್ತುತ್ತಿದೆ. ಆ ಲಾಡಿಯನ್ನು ಕತ್ತರಿಸಿದ ದಿನ ಮಗು ಸ್ವತಂತ್ರ. ಇಷ್ಟು ಹೇಳಿ, ಮಧ್ಯಾಹ್ನದ ಊಟಕ್ಕೆ ಈಗಲೂ ಅಮ್ಮನ ಮನೆಗೆ ಓಡುವ ಮೂವತ್ತೈದು ವರ್ಷದ ಗುಮಾಸ್ತನ ಕಡೆ ನೋಡಿದರೆ ಸಾಕು, ತರಗತಿಯೆಲ್ಲ ನಗುತ್ತಿತ್ತು. ಈ ವಿವರಣೆಗೆ ಅವರು ಯಾವ ಪುಸ್ತಕವನ್ನೂ ತೆರೆದು ನೋಡಿರಲಿಲ್ಲ. ಕಣ್ಣಿಗೆ ಕಟ್ಟಿದಂತಿರುವುದಕ್ಕೆ ಪುಸ್ತಕವೇಕೆ ಎಂಬುದು ಅವರ ವಾದ.

ಮಗಳಿಗೆ ಹತ್ತೊಂಬತ್ತಾದಾಗ ಪರೀಕ್ಷೆ ಮುಗಿಸಿ ಬಂದು ಅಂಗಡಿಯ ಎರಡನೇ ಯಂತ್ರದ ಮುಂದೆ ಕೂತಳು. ಗುರುತು ಹಾಕದೆಯೇ ಕಾಲರ್ ಕತ್ತರಿಸಿದರೂ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತಿರಲಿಲ್ಲ.

“ಅವಳ ಕೈ ನನ್ನದಕ್ಕಿಂತ ಚೆನ್ನಾಗಿದೆ. ಇಲ್ಲೇ ಇರಲಿ,” ಎಂದರು ಹೆಂಡತಿ.

“ಎಷ್ಟು ವರ್ಷ ಅಂತ ನಿನ್ನ ಲಾಡಿ ಹಿಡ್ಕೊಂಡು ಕೂರ್ತಾಳೆ? ಕತ್ತರಿ ಜೇಬಲ್ಲೇ ಇದೆಯಲ್ಲ, ಕತ್ತರಿಸು.”

“ನಮ್ಮಪ್ಪ ಬರೆಸಿಟ್ಟ ಪತ್ರ ಒಂದ್ಸಲ ಓದಿ ಅಂದಿದ್ದೆ. ಓದಿದ್ರಾ?”

“ಅದರಲ್ಲೇನಿದೆ ಓದೋಕೆ? ಮನೆ ನಿಂದು. ಅಷ್ಟೇ ತಾನೆ?”

ಹೆಂಡತಿ ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಹೊಲಿಗೆಯ ಕಡೆ ತಿರುಗಿದರು. ಮೇಷ್ಟ್ರು ಹಳೆಯ ಶಿಷ್ಯನೊಬ್ಬನನ್ನು ಹಿಡಿದು, ರೈಲಿನಲ್ಲಿ ಹತ್ತು ಗಂಟೆ ದೂರದ ಊರಿನ ವಿಮೆ ಕಚೇರಿಯಲ್ಲಿ ಮಗಳಿಗೆ ಕೆಲಸ ಕೊಡಿಸಿದರು. ಹೊರಡುವ ದಿನ ಮಗಳು ಅಳಲಿಲ್ಲ, ಅಪ್ಪನ ಜೊತೆ ಮಾತೂ ಆಡಲಿಲ್ಲ. ಆಸ್ಪತ್ರೆಗೆ ತುರ್ತಾಗಿ ಬಟ್ಟೆ ಕೊಡಬೇಕು ಎಂದು ಹೆಂಡತಿ ಸ್ಟೇಷನ್ನಿಗೆ ಬರಲಿಲ್ಲ. ಮಗಳ ಸ್ವಾತಂತ್ರ್ಯದ ಬಗ್ಗೆ ಮೇಷ್ಟ್ರು ಆ ವಾರ ತರಗತಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡರು.

ಎಂಟು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಯಂತ್ರದ ಮುಂದೆ ಕೂತಿದ್ದ ಹಾಗೇ ಹೆಂಡತಿ ಕುಸಿದರು. ಮೂರು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಮಗಳು ಬಂದು, ಆಗಬೇಕಾದ್ದೆಲ್ಲ ಮಾಡಿ, ರಜೆ ಮುಗಿಯಿತೆಂದು ಹೋದಳು.

ಅವಳು ಹೋದ ಮೂರನೇ ವಾರ ಭಾವಮೈದ ಬಂದ. ಟೈರ್ ಅಂಗಡಿಯವನು, ಮೆತ್ತಗೆ ಮಾತಾಡುವವನು. ಕಂಕುಳಲ್ಲಿ ಫೈಲು. ಅದರೊಳಗಿದ್ದದ್ದು ಅವನ ಅಪ್ಪನ ಪತ್ರ. ಅಂಗಡಿ ಮತ್ತು ಮನೆ ತನ್ನ ಮಗಳು, ಅಂದರೆ ಮೇಷ್ಟ್ರ ಹೆಂಡತಿ, ಬದುಕಿರುವವರೆಗೆ ಅವಳದು. ಅವಳ ಕಾಲಾನಂತರ, ಆ ಹೊತ್ತಿಗೆ ಅವಳ ಮಕ್ಕಳಲ್ಲಿ ಯಾರು ಅಂಗಡಿಯಲ್ಲಿ ಕೂತು ಹೊಲಿಗೆ ನಡೆಸುತ್ತಿರುತ್ತಾರೋ ಅವರದು. ಅಂಥವರು ಇಲ್ಲದಿದ್ದರೆ ತನ್ನ ಮಗನದು.

“ನಾನು ಮಾಡಿದ್ದಲ್ಲ ಭಾವ, ಅಪ್ಪ ಬರೆದಿದ್ದು,” ಎಂದ ಅವನು. “ಅವಸರ ಏನಿಲ್ಲ. ಎರಡು ತಿಂಗಳು ತಗೊಳ್ಳಿ.”

ಎಂಥೆಂಥ ತಿರುಚಿದ ವಾಕ್ಯಗಳನ್ನೋ ಬಿಡಿಸಿ ಹೇಳಿದ್ದ ಮೇಷ್ಟ್ರು ಆ ಕೊನೆಯ ವಾಕ್ಯವನ್ನು ನಾಲ್ಕು ಸಲ ಓದಿದರು. ಅದರಲ್ಲಿ ಬಿಡಿಸುವುದಕ್ಕೆ ಏನೂ ಇರಲಿಲ್ಲ.

ಮರುದಿನ ವಕೀಲರಲ್ಲಿಗೆ ಹೋದರು. ವಕೀಲರು ಕನ್ನಡಕ ಮೇಲೆತ್ತಿ ನಕ್ಕರು. “ಹಳೇ ಇಂಗ್ಲಿಷ್ ಕಾನೂನಲ್ಲಿ ಇದಕ್ಕೊಂದು ತಮಾಷೆ ಹೆಸರಿತ್ತು ಮೇಷ್ಟ್ರೇ. ಏಪ್ರನ್ ಸ್ಟ್ರಿಂಗ್ ಹಿಡುವಳಿ ಅಂತ. ಹೆಂಡತಿ ಕಡೆ ಆಸ್ತಿ, ಅವಳು ಇರೋ ತನಕ ಮಾತ್ರ ಗಂಡ ಅನುಭವಿಸಬಹುದು. ಅವಳು ಹೋದ್ಲು, ಲಾಡಿ ಕಡೀತು. ನಿಮಗೆ ಗೊತ್ತಿಲ್ಲದ್ದೇನು.”

“ಗೊತ್ತು,” ಎಂದರು ಮೇಷ್ಟ್ರು.

ಅಲ್ಲಿಂದ ನೇರ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ದೊಡ್ಡ ನಿಘಂಟನ್ನು ಇಳಿಸಿದರು. ವಕೀಲರು ಹೇಳಿದ್ದು ಅಲ್ಲಿತ್ತು, ಮುನ್ನೂರೈವತ್ತು ವರ್ಷಕ್ಕೂ ಹಳೆಯ ಬಳಕೆ. ಮಗು ತಾಯಿಯ ಹಿಂದೆ ಸುತ್ತುವ ಮಾತು ಅದರಿಂದಲೇ ಬಂದಿರಬಹುದು ಎಂದೂ ಇತ್ತು. ಇಷ್ಟು ವರ್ಷ ಲಾಡಿ ಹಿಡಿದವರು ಎಂದು ಯಾರ್‍ಯಾರನ್ನೋ ತೋರಿಸಿ ನಗಿಸಿದ್ದರು. ಆ ಸಂಜೆ ತರಗತಿಗೆ ಹೋಗಲಿಲ್ಲ. ತಲೆನೋವೆಂದು ಹೇಳಿ ಕಳಿಸಿದರು.

ಮಗಳಿಗೆ ಫೋನ್ ಮಾಡಿದರು. ಶನಿವಾರ ಅವಳು ಬಂದಳು.

“ಒಂದು ವರ್ಷ ಬಂದು ಯಂತ್ರದ ಮುಂದೆ ಕೂತ್ಕೋ,” ಎಂದರು. “ನಿನ್ನನ್ನ ನೋಡಿದ್ರೆ ನಿಮ್ಮ ಸೋದರಮಾವನ ಮನಸ್ಸು ಕರಗಬಹುದು.”

“ಅಮ್ಮ ಎರಡು ಸಲ ಫೋನ್ ಮಾಡಿದ್ರು,” ಎಂದಳು ಮಗಳು. “ಬಾ ಅಂತ ಹೇಳಲಿಲ್ಲ. ಕೈ ನೋವು, ಕಾಲರ್ ನೇರ ಬರ್ತಿಲ್ಲ ಅಂದ್ರು. ನನಗೆ ಅರ್ಥ ಆಯ್ತು. ಆದ್ರೂ ಬರಲಿಲ್ಲ.”

“ಯಾಕೆ?”

“ಹೋಗು ಅಂದೋರು ನೀವು. ಬಾ ಅಂತ ನೀವೇ ಅನ್ನಲಿ ಅನ್ನೋ ಹಟ.”

“ಈಗ ಅಂತಿದೀನಲ್ಲ.”

“ಮನೆಗೋಸ್ಕರ ಅಂತಿದೀರಿ.”

ಹಾಗೆಂದರೂ ಮಗಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಆ ಹಟಕ್ಕೆ ಅವಳೂ ತನ್ನ ಪಾಲಿನ ಬೆಲೆ ತೆತ್ತಾಗಿತ್ತು.

ಅಂಗಡಿಯಲ್ಲಿ ಅರ್ಧ ಹೊಲಿದ ನರ್ಸುಗಳ ಬಟ್ಟೆ ಒಂಬತ್ತು ಜೊತೆ ಉಳಿದಿದ್ದವು. ಮುಗಿಸಿ ಕೊಟ್ಟೇ ಹೋಗುತ್ತೇನೆಂದು ಮಗಳು ಅಳತೆ ಪುಸ್ತಕ ತೆರೆದಳು. ತುಂಬ ಚುಕ್ಕೆ, ಕೊಕ್ಕೆ, ಸಣ್ಣ ಸಣ್ಣ ಗೀಟು. ಮೇಷ್ಟ್ರು ಬಗ್ಗಿ ನೋಡಿದರು, ಒಂದೂ ತಿಳಿಯಲಿಲ್ಲ. ಮಗಳು ಗಳಗಳ ಓದಿಕೊಂಡು ಕತ್ತರಿಸತೊಡಗಿದಳು. ಈ ಕೊಕ್ಕೆ ಅಂದರೆ ಬಲಭುಜ ಇಳಿದಿದೆ, ಈ ಎರಡು ಚುಕ್ಕೆ ಅಂದರೆ ಬಸುರಿ, ಅಂಚು ಹೆಚ್ಚು ಬಿಡಬೇಕು.

ಒಂದು ಪುಟದಲ್ಲಿ ‘ಮನೆಯವರು’ ಎಂದು ಬರೆದಿತ್ತು. ಕೆಳಗೆ ವರ್ಷಕ್ಕೊಂದು ಸಾಲು, ಪ್ರತಿ ಸಾಲಿನ ಕೊನೆಗೂ ಒಂದೇ ಗೀಟು.

“ಇದೇನು?” ಎಂದು ಕೇಳಿದರು.

“ಹೇಳದೆ ಸಡಿಲ ಬಿಡು ಅಂತ,” ಎಂದಳು ಮಗಳು. “ಹೊಟ್ಟೆ ಬಂದಿದೆ ಅಂದ್ರೆ ಕೆಲವರಿಗೆ ಕೋಪ ಬರುತ್ತೆ. ಅಂಥವರಿಗೆ ಹಾಕೋ ಗುರುತು.”

ಕಾಲೇಜು ಸೇರಿದ ದಿನ ಇದ್ದ ಮೈಯೇ ಇಂದಿಗೂ ಇದೆ ಎಂದು ಮೇಷ್ಟ್ರು ಎಲ್ಲರ ಮುಂದೆ ಜಂಬ ಕೊಚ್ಚುತ್ತಿದ್ದರು. ಈಗ ತಮಗೇ ತಿಳಿಯದೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಗಿರಾಕಿಗಳ ಬೆಂಚಿನ ಮೇಲೆ ಕೂತರು. ಎರಡು ಯಂತ್ರಗಳಲ್ಲಿ ಒಂದು ಓಡುತ್ತಿತ್ತು. ಅದರ ಸದ್ದಿನಲ್ಲಿ ಇಬ್ಬರಿಗೂ ಮಾತಾಡಬೇಕಾದ ಕಷ್ಟ ತಪ್ಪಿತು.

ಸೋಮವಾರ ನರ್ಸುಗಳು ಬಂದು ಬಟ್ಟೆ ಒಯ್ದರು. ಮಗಳು ತಾನು ಕೂರುತ್ತಿದ್ದ ಯಂತ್ರವನ್ನು ರೈಲಿನ ಸಾಮಾನಿಗೆ ಹಾಕಿಸಿಕೊಂಡು ಹೊರಟಳು. ವಿಮೆ ಕಚೇರಿಗೆ ರಾಜೀನಾಮೆ ಬರೆಯುತ್ತೇನೆ, ಆ ಊರಲ್ಲೇ ಹೊಲಿಗೆಗೆ ಒಂದು ಮಳಿಗೆ ನೋಡಿಟ್ಟಿದ್ದೇನೆ ಎಂದು ಪ್ಲಾಟ್‌ಫಾರ್ಮಿನ ಮೇಲೆ ಹೇಳಿದಳು.

“ನಾನೂ ಅಲ್ಲಿಗೆ ಬರಲಾ?” ಎಂದು ಮೇಷ್ಟ್ರು ಕೇಳಿದರು. ಹಾಗೆ ಕೇಳುತ್ತೇನೆಂದು ಅವರೇ ಅಂದುಕೊಂಡಿರಲಿಲ್ಲ.

“ಮಳಿಗೆ ಚಿಕ್ಕದು ಅಪ್ಪ,” ಎಂದಳು. ರೈಲು ಹತ್ತಿದ ಮೇಲೆ, “ಊಟ ಹೊತ್ತುಹೊತ್ತಿಗೆ ಮಾಡಿ,” ಎಂದು ಸೇರಿಸಿದಳು.

ಎರಡು ತಿಂಗಳು ತುಂಬುವುದಕ್ಕೆ ಆರು ದಿನ ಮುಂಚೆಯೇ ಮೇಷ್ಟ್ರು ಕಾಲೇಜಿನ ಹಿಂದಿನ ಬಾಡಿಗೆ ಕೋಣೆಗೆ ಹೋದರು. ಭಾವಮೈದ ಸಾಮಾನು ಸಾಗಿಸಲು ತನ್ನ ಗಾಡಿಯನ್ನೇ ಕಳಿಸಿದ್ದ. ಅದರ ತುಂಬ ಟೈರಿನ ವಾಸನೆ. ಮೇಷ್ಟ್ರು ಬೀಗದ ಕೈ ಕೊಟ್ಟಾಗ ಅವನು ತಲೆ ತಗ್ಗಿಸಿ, “ಕಷ್ಟ ಇದ್ರೆ ಹೇಳಿ ಭಾವ,” ಎಂದ. ಹೇಳುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.